ಹದಿಮೂರನೆಯ ಹಕ್ಕಿ

ಗುರುವಾಯನಕೆರೆಯ ಕೆರೆಯಲ್ಲಿ ಎಲೆಗಳ ಎಡೆಯಲ್ಲಿ ನೀರನ್ನು ಹುಡುಕಬೇಕಾಗಿದ್ದ ಕಾಲವದು. ದಂಡೆಯಿಂದ ನಡುಕೆರೆಯವರೆಗೆ ತಾವರೆ. ಬೆಳಿಗ್ಗೆ ಹತ್ತಿರ ಹೋದರೆ ಕೆಸರು, ಕೊಳೆತ ದಂಟು, ಹಸಿ ಮೀನು ಎಲ್ಲ ಸೇರಿದ ಒಂದು ವಾಸನೆ. ಅರವತ್ತರ ದಶಕದ ಆರಂಭದಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಚೌತಿಯಿಂದ ದೀಪಾವಳಿಯ ಆಚೆಯವರೆಗೆ ಒಂದು ದಿನವೂ ತಪ್ಪದೆ ಆ ವಾಸನೆಯಲ್ಲಿ ನಿಂತಿದ್ದೇನೆ.

ಅದಕ್ಕೆ ಕಾರಣ ನಮ್ಮ ವಿಜ್ಞಾನದ ಮಾಷ್ಟ್ರು. ಅವರು ತರಗತಿಯ ಗೋಡೆಗೆ ಒಂದು ದೊಡ್ಡ ರಟ್ಟು ತೂಗುಹಾಕಿ ಅದರಲ್ಲಿ ಐದು ಕಲಂ ಎಳೆದರು: ಹಕ್ಕಿ, ಸ್ಥಳ, ವೇಳೆ, ಕಂಡವರು, ಸಾಕ್ಷಿ. ಮೊದಲು ಬೆರಳು ತೋರಿಸಿದವರು ‘ಕಂಡವರು’, ಜೊತೆಗಿದ್ದವರು ‘ಸಾಕ್ಷಿ’. ಸಾಕ್ಷಿಯಿಲ್ಲದೆ ಅವರು ಒಂದು ಗುಬ್ಬಚ್ಚಿಯನ್ನೂ ಬರೆಯುತ್ತಿರಲಿಲ್ಲ. ದೀಪಾವಳಿ ಕಳೆದ ಎರಡನೆಯ ಶನಿವಾರ ಯಾರ ಹೆಸರಿನಲ್ಲಿ ಹೆಚ್ಚು ಹಕ್ಕಿಗಳಿರುತ್ತವೋ ಅವರಿಗೆ ಇಡೀ ಒಂದು ಭಾನುವಾರ ಮಾಷ್ಟ್ರ ದುರ್ಬೀನು. ಅದನ್ನು ಕುತ್ತಿಗೆಗೆ ಹಾಕಿಕೊಂಡು ಪೇಟೆಯ ನಡುವೆ ನಡೆಯುವ ಕನಸನ್ನು ನಾನು ಎಷ್ಟು ಸಲ ಕಂಡೆನೋ!

ನನ್ನ ಜೊತೆಗಾತಿ ಗಿರಿಜ, ಪಕ್ಕದ ಮನೆಯ ಚಿಕ್ಕಮ್ಮನ ಮಗಳು. ನನಗಿಂತ ನಾಲ್ಕು ತಿಂಗಳು ಚಿಕ್ಕವಳು. ತಮಾಷೆ ಮಾಡುವಾಗ ಮಾತ್ರ ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾನು ಐದೂವರೆಗೆ ಎದ್ದು, ಮುಖ ತೊಳೆದು, ಜಡೆ ಹಾಕಿ, ಪುಸ್ತಕ ಪೆನ್ಸಿಲ್ ಹಿಡಿದು ಅವಳ ಜಗಲಿಯಲ್ಲಿ ನಿಲ್ಲುತ್ತಿದ್ದೆ. ಅವಳಿನ್ನೂ ಚಾಪೆಯಲ್ಲಿ.

“ಏಳು ಮಾರಾಯ್ತಿ, ಆರು ಗಂಟೆ ಆಯ್ತು.”

“ಹಕ್ಕಿಗಳಿಗೆ ಗಡಿಯಾರ ಉಂಟಾ ಅಕ್ಕ?” ಎನ್ನುತ್ತ ಏಳುವಳು. ಕೆದರಿದ ತಲೆ, ಕೆನ್ನೆಯೊಳಗೆ ಓಲೆಬೆಲ್ಲದ ತುಂಡು, ಕೈಯಲ್ಲಿ ಹಿಂದಿನ ದಿನದ ಅರಸಿನ ಎಲೆಯ ಕಡುಬು. ಆರೂಕಾಲಕ್ಕೆ ಕೆರೆಯ ದಂಡೆ.

ಅಲ್ಲಿ ನಾನು ಎಡದಿಂದ ಬಲಕ್ಕೆ ಕ್ರಮವಾಗಿ ನೋಡುತ್ತ ಬರುತ್ತಿದ್ದೆ. ಅವಳು ಕಲ್ಲಿನ ಮೇಲೆ ಕೂತು ಕಡುಬು ತಿನ್ನುವಳು. ತಿನ್ನುತ್ತಲೇ, “ಅಗೋ ನೀರುಕಾಗೆ, ಆ ಕಂಬದ ತುದಿಯಲ್ಲಿ” ಎನ್ನುವಳು. “ನಿನ್ನ ಹಿಂದೆಯೇ ಮಿಂಚುಳ್ಳಿ, ತಿರುಗಬೇಡ, ಹಾರ್ತದೆ.” ನಾನು ತಿರುಗುವಷ್ಟರಲ್ಲಿ ಬರೇ ಒಂದು ನೀಲಿ ಗೆರೆ. ಅವಳ ಹೆಸರಿಗೆ ಹಕ್ಕಿ, ನನ್ನ ಹೆಸರಿಗೆ ಸಾಕ್ಷಿ. ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ಬೇಗ ಏಳುವವಳು ನಾನು, ಬರೆದುಕೊಳ್ಳುವವಳು ನಾನು. ಈ ಹಕ್ಕಿಗಳಿಗೆ ನ್ಯಾಯ ಎಂಬುದೇ ಇಲ್ಲವೇ ಎಂದು ಅನಿಸುತ್ತಿತ್ತು. ಆದರೂ ಬಿಡದೆ ಒಂದೊಂದೇ ಕೂಡಿಸಿಕೊಂಡು ಅವಳ ಸಮಕ್ಕೆ ಬಂದೆ. ಅವಳಿಗೆ ಹನ್ನೆರಡು, ನನಗೆ ಹನ್ನೆರಡು.

ಚೌತಿ ಕಳೆದು ಮೂರು ವಾರವಾದಾಗ ಅದು ಬಂತು.

“ಮೆಲ್ಲ ನೋಡು,” ಎಂದಳು ಗಿರಿಜ. ಅಂದು ಅವಳ ಬಾಯಿ ಜಗಿಯುವುದನ್ನು ನಿಲ್ಲಿಸಿತ್ತು. ತಾವರೆ ಎಲೆಗಳ ಮೇಲೆ, ನಾವು ಜಗಲಿಯಲ್ಲಿ ನಡೆದ ಹಾಗೆ, ಒಂದು ಹಕ್ಕಿ ನಡೆಯುತ್ತಿತ್ತು. ಬಿಳಿ ಮುಖ, ಕಂದು ಮೈ, ಕತ್ತಿನ ಹಿಂದೆ ಬಂಗಾರದ ಬಣ್ಣ. ಕುಡುಗೋಲಿನ ಹಾಗೆ ಬಾಗಿದ ಉದ್ದ ಬಾಲ. ಕಾಲಿನ ಬೆರಳುಗಳು ಎಷ್ಟು ಉದ್ದವೆಂದರೆ ಎಲೆ ಮುಳುಗುತ್ತಲೇ ಇರಲಿಲ್ಲ. ನಾನು ಪುಸ್ತಕ ಬಿಚ್ಚುವುದನ್ನೂ ಮರೆತೆ. ಬೆಕ್ಕಿನ ಮರಿಯಂತೆ ಒಮ್ಮೆ ಕೂಗಿ, ಬೆಳ್ಳಗಿನ ರೆಕ್ಕೆ ಬಿಚ್ಚಿ ಅದು ಆಚೆ ದಡಕ್ಕೆ ಹಾರಿತು.

ತರಗತಿಯಲ್ಲಿ ಗಿರಿಜ ಕೈಯಾಡಿಸಿ ಅದನ್ನೆಲ್ಲ ವರ್ಣಿಸಿದಳು. ಮಾಷ್ಟ್ರ ಕಣ್ಣು ಅರಳಿತು. ಅಂಥ ಹಕ್ಕಿ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಪೆನ್ನು ತೆಗೆದು ಅವರು ನನ್ನತ್ತ ತಿರುಗಿದರು.

“ನೀನು ಕಂಡಿದ್ದೀಯಲ್ಲ?”

“ಇಲ್ಲ ಸಾರ್. ನಾನು ಆಚೆ ನೋಡ್ತಿದ್ದೆ.”

ಮಾತು ಅಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಮಾಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಗಿರಿಜ ನನ್ನನ್ನು ಒಮ್ಮೆ ನೋಡಿದಳು. “ಹೋಗ್ಲಿ ಸಾರ್, ಅದು ಎಲ್ಲಿಗೂ ಹೋಗುದಿಲ್ಲ. ಇನ್ನೊಮ್ಮೆ ಕಾಣ್ತದೆ,” ಎಂದು ಕೂತಳು.

ಅವಳು ಅತ್ತಿದ್ದರೆ ನನಗೆ ಅನುಕೂಲವಿತ್ತು. ಸಂಜೆ ಎಂದಿನಂತೆ ಕಲ್ಲಾಟಕ್ಕೆ ಬಂದಳು. ಮರುದಿನ ನಾನು ಎಂದಿನಂತೆ ಅವಳನ್ನು ಎಬ್ಬಿಸಲು ಹೋದೆ. ಆದರೆ ಆ ಬಾಲದ ಹಕ್ಕಿ ಮತ್ತೆ ಕಾಣಲಿಲ್ಲ. ಹೊಸತು ಬೇರೊಂದೂ ಸಿಗದೆ ಇಬ್ಬರೂ ಹನ್ನೆರಡಕ್ಕೇ ನಿಂತೆವು.

ದೀಪಾವಳಿಯ ನಂತರ ಒಂದು ಬೆಳಿಗ್ಗೆ ಎಲೆಗಳ ಮೇಲೆ ಬೇರೊಂದು ಹಕ್ಕಿ ಕಂಡಿತು. ಮೋಟು ಬಾಲ, ಮಾಸಿದ ಕಂದು ಬೆನ್ನು, ಬಿಳಿ ಹೊಟ್ಟೆ, ಎದೆಯ ಮೇಲೊಂದು ಕಪ್ಪು ಸರ. ಈ ಸಲ ಮೊದಲು ಬೆರಳು ತೋರಿಸಿದವಳು ನಾನು. ಓಡಿಹೋಗಿ ಮಾಷ್ಟ್ರಿಗೆ ಹೇಳಿದೆ. ಸಾಕ್ಷಿ ಕೇಳಿದಾಗ ಗಿರಿಜ ಎದ್ದು ನಿಂತಳು.

“ಹೌದು ಸಾರ್, ಅವಳೇ ಮೊದಲು ನೋಡಿದ್ದು. ಆದರೆ ಇದು ಹೊಸತಲ್ಲ, ನಾನು ಹೇಳಿದ್ದ ಹಕ್ಕಿಯೇ. ಅಂಗಿ ಬದಲಿಸಿದೆ, ಅಷ್ಟೇ.”

ತರಗತಿಯೇ ನಕ್ಕಿತು. “ಬಾಲ ಎಲ್ಲಿ ಹೋಯ್ತು, ಅಗಸನಿಗೆ ಹಾಕಿತಾ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮಾಷ್ಟ್ರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನಗೆ ಹದಿಮೂರಾಯಿತು.

ಆ ಭಾನುವಾರ ದುರ್ಬೀನು ಹಾಕಿಕೊಂಡು ಪೇಟೆಯಲ್ಲಿ ನಡೆದದ್ದೂ ಆಯಿತು. ಆಮೇಲೆ ಒಬ್ಬಳೇ ಕೆರೆಗೆ ಹೋಗಿ ಆ ಹಕ್ಕಿಯನ್ನು ಹುಡುಕಿದೆ. ಗಾಜಿನೊಳಗೆ ಅದು ಕೈಗೆ ಸಿಗುವಷ್ಟು ಹತ್ತಿರ ಬಂತು. ಅವೇ ಉದ್ದ ಬೆರಳುಗಳು. ಕತ್ತಿನ ಬದಿಯಲ್ಲಿ ಮಾಸಿದ ಹಳದಿ. ಹಾರಿದಾಗ ಅದೇ ಬೆಳ್ಳಗಿನ ರೆಕ್ಕೆ. ಗಿರಿಜ ಬರಿಗಣ್ಣಿನಲ್ಲಿ ಕಂಡದ್ದನ್ನು ನಾನು ದುರ್ಬೀನು ಗೆದ್ದ ಮೇಲೆ ಕಂಡೆ. ಸಂಜೆ ಆರಕ್ಕೆ ಸರಿಯಾಗಿ ದುರ್ಬೀನನ್ನು ಒರೆಸಿ ಹಿಂದಿರುಗಿಸಿದೆ. ರಟ್ಟಿನಲ್ಲಿ ನನ್ನ ಹದಿಮೂರು ಹಾಗೆಯೇ ಉಳಿಯಿತು.

ಮುಂದೆ ಬಂಟ್ವಾಳದಲ್ಲಿ ಟೀಚರ್ ಆಗಿದ್ದಾಗ ಶಾಲೆಯ ಕಪಾಟಿನಲ್ಲಿ ಒಂದು ಹಕ್ಕಿ ಪುಸ್ತಕ ಸಿಕ್ಕಿತು. ಅದರಲ್ಲಿ ನಮ್ಮ ಹಕ್ಕಿಯ ಚಿತ್ರ; ಹೆಸರು ಬಾಲದ ದೇವನಕ್ಕಿ. ಮರಿ ಮಾಡುವ ಕಾಲ ಮುಗಿದ ಮೇಲೆ ಉದ್ದ ಬಾಲ ಉದುರುತ್ತದೆ, ಬಣ್ಣ ಬದಲಾಗುತ್ತದೆ ಎಂದಿತ್ತು. ಅಂಗಿ ಬದಲಿಸಿದೆ, ಅಷ್ಟೇ. ಪುಸ್ತಕ ಮುಚ್ಚಿದಾಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಹಳೆಯ ಕೆಂಡವೇ.

ಕಳೆದ ವರ್ಷ ಫರಂಗಿಪೇಟೆಯಲ್ಲಿ ಮಗಳ ಮನೆಯಲ್ಲಿರುವ ಗಿರಿಜಳನ್ನು ನೋಡಲು ಹೋಗಿದ್ದೆ. ಅವಳಿಗೆ ಮೊಣಕಾಲು ನೋವು, ಹೆಚ್ಚು ನಡೆಯುವುದಿಲ್ಲ. ಚಹಾ ಕುಡಿಯುತ್ತ ಹೇಳಿಬಿಟ್ಟೆ: “ಆ ದಿನ ನಾನೂ ನೋಡಿದ್ದೆ.”

“ಗೊತ್ತುಂಟು. ನಿನ್ನ ಬಾಯಿ ತೆರೆದೇ ಇತ್ತು.”

“ಮತ್ತೆ ಮಾಷ್ಟ್ರಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸಿಟ್ಟಿನಲ್ಲಿ ಮರುದಿನ ನನ್ನನ್ನು ಎಬ್ಬಿಸ್ಲಿಕ್ಕೆ ಬರ್ತಿರ್ಲಿಲ್ಲ. ನೀನು ಬರದಿದ್ರೆ ನಾನು ಏಳುದು ಎಂಟು ಗಂಟೆಗೆ. ಆಮೇಲೆ ಯಾವ ಹಕ್ಕಿ, ಎಂಥ ಹಕ್ಕಿ ಅಕ್ಕ?” ಎಂದು ನಕ್ಕಳು. ಆ ನಗುವನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು.

ನಿವೃತ್ತಿಯ ನಂತರ ನಾನು ಗುರುವಾಯನಕೆರೆಗೇ ಮರಳಿದ್ದೇನೆ. ಐದೂವರೆಗೆ ಏಳುತ್ತೇನೆ, ಆರೂಕಾಲಕ್ಕೆ ದಂಡೆಯಲ್ಲಿರುತ್ತೇನೆ. ದುರ್ಬೀನು ಈಗ ನನ್ನದೇ. ಈಗ ಕೆರೆಯಲ್ಲಿ ನೀರಿನ ನಡುವೆ ಎಲೆಗಳನ್ನು ಹುಡುಕಬೇಕು. ಬೆಳಗಿನ ಬಸ್ಸುಗಳ ಹಾರನ್ನಿನಲ್ಲಿ ಹಕ್ಕಿಯ ಕೂಗು ಪ್ರತ್ಯೇಕವಾಗಿ ಕೇಳುವುದಿಲ್ಲ. ಹೋದ ಚೌತಿಯ ನಂತರ ಒಂದು ಬೆಳಿಗ್ಗೆ, ಮೂಲೆಯಲ್ಲಿ ಉಳಿದ ನಾಲ್ಕು ಎಲೆಗಳ ಮೇಲೆ, ಉದ್ದ ಬಾಲದ್ದೊಂದು ದಾಟಿಹೋದಂತೆ ಕಂಡಿತು. ಪುಸ್ತಕ ತೆಗೆದು ಸ್ಥಳ ಬರೆದೆ, ವೇಳೆ ಬರೆದೆ. ಪಕ್ಕದ ಕಲ್ಲನ್ನು ನೋಡಿದೆ. ಬರೆದದ್ದನ್ನು ಹೊಡೆದುಹಾಕಿದೆ.

ಸಾಕ್ಷಿ ಇರಲಿಲ್ಲ.