ಕೆಂಪು ನೀರಿನಲ್ಲಿ ತೆಗೆದ ದೃಶ್ಯ

ನರಸಾಪುರದ ಗುಡಿಮೆಟ್ಲ ಕೋಟೇಶ್ವರರಾವ್ ಮದ್ರಾಸಿನಲ್ಲಿ ಬೇರೆ ನಿರ್ದೇಶಕರ ಹಿಂದೆ ಕ್ಲಾಪ್ ಹಿಡಿದು, ಬೈಗುಳ ತಿಂದು, ಹನ್ನೊಂದು ವರ್ಷ ಸವೆಸಿದ. ಕೋಡಂಬಾಕಂನ ಒಂದೇ ಕೋಣೆಯ ಸಂಸಾರ. ಅನ್ನಕ್ಕೆ ಗೋಂಗೂರ ಸೊಪ್ಪಿನ ಪಚ್ಚಡಿ ಇದ್ದರೆ ಅಂದು ಹಬ್ಬ. ಎಂಬತ್ತೊಂದನೆಯ ಇಸವಿಯಲ್ಲಿ ಕೊನೆಗೂ ಸ್ವಂತ ಚಿತ್ರ ಸಿಕ್ಕಿದಾಗ ಅವನು ಕ್ಯಾಮೆರಾ ಹೊತ್ತು ಬಂದದ್ದು ತನ್ನ ಗೋದಾವರಿಗೇ.

ಪೋಲವರದ ಹತ್ತಿರ, ಮದುವೆ ದಿಬ್ಬಣ ದೋಣಿಯಲ್ಲಿ ನದಿ ದಾಟುವ ದೃಶ್ಯ. ದಿಬ್ಬಣದ ಹೆಂಗಸರೆಲ್ಲ ಅಲ್ಲಿನ ಊರವರೇ. ಎರಡು ಸಲ ತೆಗೆದರೂ ಅವನಿಗೆ ತೃಪ್ತಿಯಿಲ್ಲ.

“ಬಾಬೂ, ನೀರು ಕೆಂಪಾಗ್ತಿದೆ. ಮೇಲೆಲ್ಲೋ ಮಳೆ ಹೊಡೆದಿದೆ. ಇವತ್ತಿಗೆ ಸಾಕು ಮಾಡಿ,” ಅಂದ ಅಂಬಿಗ ಪೋಲಯ್ಯ.

“ನಾನೂ ಇದೇ ನೀರು ಕುಡಿದು ಬೆಳೆದೋನು ಮಾರಾಯ. ಇನ್ನೊಂದೇ ಸಲ.”

“ಕುಡಿದೋರನ್ನೆಲ್ಲ ಅದು ಗುರುತಿಟ್ಕೊಳ್ಳಲ್ಲ ಬಾಬೂ.”

ದೋಣಿಯಲ್ಲಿದ್ದ ಊರ ಹೆಂಗಸು ಸತ್ತೆಮ್ಮ ನಕ್ಕಳು. “ಎಷ್ಟು ಸಲ ಮದುವೆ ಮಾಡಿಸ್ತೀರಿ ಡೈರೆಕ್ಟರುಗಾರು? ನನ್ನ ಮದುವೇಲೂ ನಾನು ಇಷ್ಟು ಹಲ್ಲು ಬಿಟ್ಟಿರಲಿಲ್ಲ!”

ಮೂರನೆಯ ಸಲ ದೃಶ್ಯ ಅವನು ಬಯಸಿದಂತೆಯೇ ಬಂತು. ಅವನು “ಕಟ್” ಅಂದ ಬೆನ್ನಿಗೇ ಸುಳಿ ದೋಣಿಯನ್ನು ತಿರುಗಿಸಿ ಮಗುಚಿಹಾಕಿತು. ಉಳಿದವರನ್ನು ಎಳೆದು ದಡ ಸೇರಿಸಿದರು. ಸತ್ತೆಮ್ಮ ಸಿಕ್ಕಿದ್ದು ಎರಡು ದಿನದ ಮೇಲೆ, ಎಷ್ಟೋ ಕೆಳಗೆ, ಮರಳುದಿಬ್ಬದ ಬಳಿ.

ಸಂಕಲನದ ಕೋಣೆಯಲ್ಲಿ ಸಂಕಲನಕಾರ ಕೇಳಿದ: “ಆ ದೋಣಿ ದೃಶ್ಯ ಕತ್ತರಿಸಿಬಿಡ್ಲಾ ಸಾರ್?”

ಕೋಟೇಶ್ವರರಾವ್ ಅದನ್ನು ನಾಲ್ಕು ಸಲ ನೋಡಿದ. “ಇರಲಿ,” ಅಂದ.

ಚಿತ್ರ ನೂರು ದಿನ ಓಡಿತು. ಹಾರ ಹಾಕಿಸಿಕೊಂಡು ಮನೆಗೆ ಬಂದವನನ್ನು ಹೆಂಡತಿ ಸುಭದ್ರ ಕೇಳಿದಳು: “ಅದನ್ನ ಇಟ್ಕೊಂಡ್ರಾ?”

“ಕಥೆಗೆ ಬೇಕಿತ್ತು ಕಣೇ.”

ಅವಳು ತಟ್ಟೆ ಇಟ್ಟು ಎದ್ದುಹೋದಳು.

ಆಮೇಲಿನ ಚಿತ್ರಗಳಲ್ಲಿ “ಮತ್ತೊಮ್ಮೆ” ಎಂಬ ಮಾತೇ ಅವನ ಬಾಯಿಂದ ಹೊರಡಲಿಲ್ಲ. ನಟರು ತಡವರಿಸಿದರೂ ಸರಿ, ಬೆಳಕು ತಪ್ಪಿದರೂ ಸರಿ. “ಅವರ ಮುಂದೆ ಕೆಮ್ಮಿದರೂ ಓಕೆ ಅಂತಾರಪ್ಪಾ,” ಎಂದು ಸೆಟ್ಟಿನವರು ಆಡಿಕೊಂಡರು. ಮೂರು ಚಿತ್ರ ನೆಲಕಚ್ಚಿದವು. ನಾಲ್ಕನೆಯದಕ್ಕೆ ಯಾರೂ ಕರೆಯಲಿಲ್ಲ.

ದೋಣಿ ಮಗುಚಿದ ಏಳು ವರ್ಷದ ಮೇಲೆ ಅವನು ಸತ್ತೆಮ್ಮನ ಊರಿಗೆ ಹೋದ. ಆಕೆಯ ಗಂಡ ವೀರರಾಜು ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ಬೈಯಲಿ, ಹೊಡೆಯಲಿ ಎಂದೇ ಬಂದಿದ್ದವನಿಗೆ ಅವನು ಮಣೆ ಹಾಕಿ ಮಜ್ಜಿಗೆ ಕೊಟ್ಟ.

“ನಿಮ್ಮ ಸಿನಿಮಾದಲ್ಲಿ ನಮ್ಮವಳು ಕಾಣಿಸ್ತಾಳಂತೆ. ಮನೇಲಿ ಒಂದು ಫೋಟೋನೂ ಇಲ್ಲ. ಮಗಳಿಗೆ ಅಮ್ಮನ ಮುಖ ಮರೆತೇ ಹೋಗಿದೆ.”

ಕೋಟೇಶ್ವರರಾವ್ ಯಾರಾರನ್ನೋ ಕಾಡಿ ಬೇಡಿ ರೀಲು ತರಿಸಿ, ಕೊವ್ವೂರಿನ ಟೂರಿಂಗ್ ಟಾಕೀಸಿನಲ್ಲಿ ಬೆಳಗಿನ ಹೊತ್ತು ಹಾಕಿಸಿದ. ಕರಿ ಪರದೆ ಇಳಿಬಿಟ್ಟ ಖಾಲಿ ಡೇರೆಯಲ್ಲಿ ಮೂವರೇ. ತೆರೆಯ ಮೇಲೆ ಸತ್ತೆಮ್ಮ ಹಲ್ಲು ಬಿಟ್ಟು ನಕ್ಕಳು.

“ಇವರಲ್ಲಿ ಅಮ್ಮ ಯಾರು?” ಎಂದಳು ಮಗಳು ಪೈಡಮ್ಮ. ಅಪ್ಪ ಬೆರಳೆತ್ತುವಷ್ಟರಲ್ಲಿ ದೋಣಿ ದಾಟಿಹೋಗಿತ್ತು. ಕೋಟೇಶ್ವರರಾವ್ ಓಡಿಹೋಗಿ ರೀಲು ಹಿಂದಕ್ಕೆ ಸುತ್ತಿಸಿದ. ಹುಡುಗಿ ನೋಡಿದಳು. ಅಳಲಿಲ್ಲ.

ಹೊರಗೆ ಬಿಸಿಲಿನಲ್ಲಿ ಅವನು ಹೇಳಿದ: “ಅಂಬಿಗ ಬೇಡ ಅಂದಿದ್ದ, ವೀರರಾಜು. ನಾನೇ ಹಠ ಮಾಡಿದೆ.”

“ಗೊತ್ತು ಬಾಬೂ. ಪೋಲಯ್ಯ ನಮ್ಮಣ್ಣ.” ವೀರರಾಜು ಮಗಳ ಕೈ ಹಿಡಿದುಕೊಂಡ. “ಇನ್ನು ನೀವು ನಮ್ಮೂರಿಗೆ ಬರಬೇಡಿ.”

ಅವನು ಮತ್ತೆ ಹೋಗಲಿಲ್ಲ. ಹೈದರಾಬಾದಿನ ಯೂಸುಫ್‌ಗುಡದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ಹೆಸರಿಲ್ಲದೆ ಸಂಭಾಷಣೆ ಬರೆಯುತ್ತ ಹದಿನೆಂಟು ವರ್ಷ ಬದುಕಿದ. ಸತ್ತ ಮರುದಿನ ಪತ್ರಿಕೆಯವರು ಬಂದು, ಆ ದೋಣಿಯ ದೃಶ್ಯವನ್ನು ಹೇಗೆ ತೆಗೆದರೆಂದು ಸುಭದ್ರಳನ್ನು ಕೇಳಿದರು. ಅವಳು ಬಾಗಿಲು ಮುಚ್ಚಿದಳು.