ಡೂರಿಯಜ್ಜನ ಅಂಗೈ

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆಯೇ ಆಂದ್ರಿ ಮಂಗನಾದ. ಜಾರುಬಂಡಿ ಹಾದಿಯ ತಿರುವಿನಲ್ಲಿ ಮುದುಕನೊಬ್ಬ ಮಂಡಿಯೂರಿ, ಕೈಗವಸು ಕಳಚಿ, ಬರಿಯ ಅಂಗೈಯನ್ನು ಮಂಜುಗಡ್ಡೆಗೆ ಒತ್ತಿ ಕಣ್ಣು ಮುಚ್ಚಿಕೊಂಡಿದ್ದ. ಇಲ್ಲಿ ಯಾರೋ ಪ್ರಾಣ ಬಿಟ್ಟಿರಬೇಕು, ಇದು ಪ್ರಾರ್ಥನೆ ಎಂದುಕೊಂಡ ಆಂದ್ರಿ ಟೋಪಿ ತೆಗೆದು ತಲೆ ತಗ್ಗಿಸಿದ. ಕಿವಿ ಮರಗಟ್ಟುವವರೆಗೂ ಹಾಗೇ ನಿಂತ.

“ಯಾರೋ ಸತ್ತಿದ್ದು?” ಎಂದ ಮುದುಕ, ಮೇಲೆದ್ದು.

“ಅದನ್ನ ನೀವೇ ಹೇಳ್ಬೇಕು, ಅಜ್ಜ.”

“ಬರಿತಲೇಲಿ ಹೀಗೇ ನಿಂತಿದ್ರೆ ನೀನೇ ಸಾಯ್ತೀಯ. ಬಕೆಟ್ ತಗೋ.”

ಅಂಗೈ ಅಂಟಿದರೆ ಹಾದಿ ಗಟ್ಟಿ. ಒದ್ದೆಯಾದರೆ ಬಂಡಿ ಇಳಿಸುವಂತಿಲ್ಲ. ನಲವತ್ತು ಚಳಿಗಾಲದಿಂದ ಹಾದಿ ನೋಡಿಕೊಳ್ಳುವ ಮುದುಕ ಡೂರಿಯ ಲೆಕ್ಕ ಇಷ್ಟೇ.

ಆಲ್ಪ್ಸ್ ಬೆಟ್ಟದ ಆ ಪುಟ್ಟ ಊರಿಗೆ ಚಳಿಗಾಲವೇ ಸುಗ್ಗಿ. ಮೊದಲೆಲ್ಲ ನೀರು ಸುರಿದು, ಹಿಮ ಬಡಿದು, ಊರಿಗೆ ಊರೇ ಹಾದಿ ಕಟ್ಟುತ್ತಿತ್ತಂತೆ. ಮನೆಗೊಂದು ತಿರುವು: ಬೇಕರಿಯವರದು, ಗಂಟೆ ಬಾರಿಸುವವರದು, ಇಬ್ಬರು ವಿಧವೆಯರದು. ಹೆಂಗಸರು ಬಾರ್ಲಿ ಸಾರು ತಂದರೆ, ಗಂಡಸರು ಪಕ್ಕದವರ ತಿರುವು ಸೊಟ್ಟಗಿದೆಯೆಂದು ಜಗಳ ತೆಗೆಯುತ್ತಿದ್ದರು.

“ಸ್ಕೂಲಿಗೂ ಇದರ ಮೇಲೇ ಜಾರ್ತಿದ್ವಿ,” ಎನ್ನುತ್ತಿದ್ದ ಡೂರಿ.

“ವಾಪಸ್ ಬರೋವಾಗ?”

“ಅಳ್ತಾ ಹತ್ತೋದು.”

ಈಗ ಊರಿನ ಬದಲು ಸಂಬಳದ ಆಂದ್ರಿ ಇದ್ದ. ಅವನು ಹೊತ್ತ ನೀರಿನಲ್ಲಿ ಅರ್ಧ ಹಾದಿಗೆ, ಅರ್ಧ ಅವನ ಬೂಟಿಗೆ.

ಆ ಫೆಬ್ರವರಿಯಲ್ಲಿ, ವರ್ಷದ ಜಾರುಬಂಡಿ ಪಂದ್ಯದ ಹಿಂದಿನ ದಿನ, ದಕ್ಷಿಣದಿಂದ ಬಿಸಿಗಾಳಿ ಬೀಸಿತು. ಪಂದ್ಯ ತಪ್ಪಿದರೆ ಅದು ಯಂತ್ರದಿಂದ ಮಂಜುಗಡ್ಡೆ ಕಟ್ಟುವ ಪಕ್ಕದೂರಿನ ಪಾಲು. ಆಮೇಲೆ ಈ ಹಾದಿ ಕಟ್ಟಲು ಊರಿನ ಜಾರುಬಂಡಿ ಸಂಘ ಕಾಸು ಬಿಚ್ಚುವುದಿಲ್ಲ. ಸಂಘದ ಅಧ್ಯಕ್ಷೆ ಮೆಂಗಾ ಏದುಸಿರು ಬಿಡುತ್ತಾ ಬಂದಳು.

“ಡೂರಿಯಣ್ಣ, ಹೂಂ ಅಂದ್ಬಿಡಿ, ಸಾಕು. ಹೋಟೆಲೆಲ್ಲ ತುಂಬಿದೆ.”

ಡೂರಿ ಅಂಗೈ ಒತ್ತಿ, ಎತ್ತಿ, ಪ್ಯಾಂಟಿಗೆ ಒರೆಸಿಕೊಂಡ. “ಒದ್ದೆ. ಆಗಲ್ಲ.”

“ಹಾಗಾದ್ರೆ ಮುಂದಿನ ವರ್ಷ ಹಾದಿನೇ ಇರಲ್ಲ!”

“ಗೊತ್ತು. ಹಗ್ಗ ಎಲ್ಲಿಟ್ಟಿದ್ದೀಯೋ, ಆಂದ್ರಿ?”

ಮೆಂಗಾ ಸಿಡುಕುತ್ತಾ ಇಳಿದುಹೋದಳು. ಇಬ್ಬರೂ ಸೇರಿ ಹಾದಿಯ ಬಾಯಿಗೆ ಹಗ್ಗ ಅಡ್ಡಕಟ್ಟಿದರು. ಸಂಬಳದ ಚಿಂತೆಗೋ ಮುದುಕನ ಮೇಲಿನ ಮರುಕಕ್ಕೋ, ಆಂದ್ರಿಗೆ ಬಾಯಿ ಬಿಗಿಹಿಡಿಯಲಾಗಲಿಲ್ಲ.

“ಅಜ್ಜ, ಒಂದೇ ಒಂದು ಸುಳ್ಳು ಹೇಳಿದ್ರೆ ನಿಮ್ಮ ಹಾದಿ ಉಳೀತಿತ್ತು. ಯಾಕೆ ಹೇಳ್ಲಿಲ್ಲ?”

ಡೂರಿ ಗಂಟು ಬಿಗಿದ.

“ಹಿಂದೊಂದ್ಸಲ ಹೇಳಿದ್ದೆ. ಆವತ್ತಿಂದ ನನ್ನ ತಮ್ಮ ನಡೆದಿಲ್ಲ.”