ಹರವಿಯ ಕೆಳಗಿನ ಬುಟ್ಟಿ

೧೯೪೯ರಲ್ಲಿ ನಾನು ಬಳ್ಳಾರಿಯ ಒಂದು ಪಾಂಜರಪೋಳದಲ್ಲಿ ಕಾಂಪೌಂಡರ್ ಆಗಿದ್ದೆ. ಮುದಿ ಎತ್ತು, ಕುಂಟ ಕುದುರೆ, ಹಾಲು ಬತ್ತಿದ ಆಕಳು, ಹೀಗೆ ಯಾರಿಗೂ ಬೇಡವಾದ ಪ್ರಾಣಿಗಳನ್ನು ಊರಿನ ವ್ಯಾಪಾರಿಗಳು ಸೇರಿ ಸಾಕುತ್ತಿದ್ದ ಧರ್ಮದ ದೊಡ್ಡಿ ಅದು. ಪಶುವೈದ್ಯರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ಆರು ದಿನ ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಬಿದಿರಿನ ಗೊಟ್ಟದಿಂದ ಔಷಧಿ ಕುಡಿಸುವುದು ನನ್ನ ಕೆಲಸ. ನಾನು ಓದಿದ್ದು ಥರ್ಡ್ ಫಾರ್ಮ್‌ವರೆಗೆ ಮಾತ್ರ. ಬರೆಯುವ ಅಭ್ಯಾಸವಿಲ್ಲ. ಆದರೆ ಕಳೆದ ಶ್ರಾವಣದಲ್ಲಿ ನನ್ನ ಅಕ್ಕ ಗಂಗಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದು ನೋಡಿದಾಗ, ಸೀರೆಗಳ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಇಂಕ್ ಫಿಲ್ಲರ್ ಸಿಕ್ಕಿತು. ಪೆನ್ನಿಗೆ ಶಾಯಿ ತುಂಬುವ ಸಣ್ಣ ಗಾಜಿನ ನಳಿಗೆ. ಅಕ್ಕನಿಗೆ ಬರೆಯಲು ಬರುತ್ತಿರಲಿಲ್ಲ. ಅದು ಏಕೆ ಅವಳ ಬಳಿ ಇತ್ತು ಎಂಬುದು ಈಗ ನನ್ನೊಬ್ಬನಿಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನನ್ನು ಸಿರುಗುಪ್ಪದ ಹತ್ತಿರದ ದೇಶನೂರಿಗೆ ಕೊಟ್ಟಿದ್ದೆವು. ೧೯೪೬ರಲ್ಲಿ ಭಾವ ಜ್ವರದಿಂದ ಹೋದರು. ಮಕ್ಕಳಿರಲಿಲ್ಲ. ಒಂದು ವರ್ಷ ಮೈದುನನ ಮನೆಯಲ್ಲಿ ಭತ್ತ ಕುಟ್ಟಿಕೊಂಡು, ಉಳಿದದ್ದನ್ನು ಉಂಡುಕೊಂಡು ಇದ್ದಳು. ನೋಡಲಾಗದೆ ನಾನೇ ಹೋಗಿ ಕರೆತಂದೆ. ಕೌಲ್‌ಬಜಾರಿನಲ್ಲಿ ನನ್ನದು ಒಂದೂವರೆ ಕೋಣೆಯ ಮನೆ, ಹಿಂದೆ ಸಣ್ಣ ಹಿತ್ತಲು. ಅಕ್ಕ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಆಮೇಲೆ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಆ ಕಾಲದಲ್ಲಿ ಪ್ಲೇಗಿನ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ದವಸದ ಗೋಡೌನುಗಳಲ್ಲಿ ಇಲಿಗೆ ಪಾಷಾಣ ಇಡುತ್ತಿದ್ದರು. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದು ಸಾಯುತ್ತಿತ್ತು. ಮೂಟೆಗಳ ಸಂದಿಯಲ್ಲಿ ಅದರ ಮರಿಗಳು ಒದರುತ್ತಿದ್ದವು. ಬೆಕ್ಕನ್ನು ಕೊಂದ ಪಾಪ ಬಂಗಾರದ ಬೆಕ್ಕು ದಾನ ಮಾಡಿದರೂ ಹೋಗುವುದಿಲ್ಲ ಎಂದು ನಂಬಿದ ಜನ. ಮರಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದು ನಮ್ಮ ಪಾಂಜರಪೋಳದ ಬಾಗಿಲಲ್ಲಿ ಇಟ್ಟು ಕೈಮುಗಿದು ಹೋಗುತ್ತಿದ್ದರು. ದನಗಳ ಕಾಲಡಿ, ಹೆಗ್ಗಣಗಳ ನಡುವೆ ಅವನ್ನು ಇಡುವುದೆಲ್ಲಿ? ಹೀಗೆ ೧೯೪೮ರ ಚಳಿಗಾಲದಲ್ಲಿ ಮೊದಲ ಬುಟ್ಟಿಯನ್ನು ಮನೆಗೆ ತಂದೆ.

ಕಣ್ಣಿಗೆ ಕೀವು ಕಟ್ಟಿದ್ದ, ತಿಂಗಳು ತುಂಬಿದ ಎರಡು ಮರಿ. ಅಕ್ಕ ಬಹಳ ಹೊತ್ತು ನೋಡಿ, ಬಿಸಿನೀರಲ್ಲಿ ಅರಿವೆ ಅದ್ದಿ ಕಣ್ಣು ಒರೆಸಿದಳು. ಮರುದಿನ ನಾನು ಕೆಲಸದಿಂದ ಬಂದಾಗ ಹಿತ್ತಲಲ್ಲಿ ಅವಳ ದನಿ ಕೇಳಿಸಿತು.

"ಕುಡಿಯಲೇ ಭಾಡ್ಯಾ, ನಿಮ್ಮವ್ವ ಬಂದು ಕುಡಸ್ತಾಳಂತ ಕುಂತಿ ಏನ?"

ಎರಡು ವರ್ಷದ ಮೇಲೆ ಅವಳು ಬೈಯುವುದನ್ನು ಕೇಳಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ಚಳಿಗಾಲದಲ್ಲಿ ಬಂದ ಮರಿಗಳೆಲ್ಲ ಉಳಿದವು. ದೊಡ್ಡವಾದ ಮೇಲೆ ಅವನ್ನು ಸಿರುಗುಪ್ಪದ ಅಕ್ಕಿ ಗೋಡೌನುಗಳಿಗೆ, ಪಾಷಾಣ ಇಡುವುದಿಲ್ಲ ಎಂದು ಮಾತು ಕೊಟ್ಟವರಿಗೆ, ಕಳಿಸಿದೆವು.

ತೊಂದರೆ ಶುರುವಾದದ್ದು ೧೯೪೯ರ ಮಾರ್ಚ್‌ನಲ್ಲಿ. ಈ ಬಾರಿ ಬಂದವು ಕಣ್ಣು ಬಿಡದ ಮರಿಗಳು, ಹುಟ್ಟಿ ಎರಡು ಮೂರು ದಿನ ಆದವು. ಬಳ್ಳಾರಿಯ ಬಿಸಿಲು ಆಗಲೇ ಏರಿತ್ತು. ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಈ ಝಳದಲ್ಲಿ ಹಸಿ ಮರಿಗಳು ಬದುಕಲಾರವು ಎಂದು ನಾನು ಕಾಂಪೌಂಡರನ ಗತ್ತಿನಲ್ಲೇ ಅಕ್ಕನಿಗೆ ಹೇಳಿದೆ. ಕುಡಿಯುವ ನೀರಿನ ಹರವಿಯ ಕೆಳಗೆ ಒದ್ದೆ ಮರಳು ಹಾಸಿರುತ್ತದಲ್ಲ, ಮನೆಯಲ್ಲಿ ಅದೊಂದೇ ತಂಪು ಜಾಗ. ಬುಟ್ಟಿಯನ್ನು ಅಲ್ಲಿಡಿಸಿದೆ. ಮೇಲೆ ಒದ್ದೆ ಬಟ್ಟೆ ಹೊದಿಸಲು ಹೇಳಿದವನೂ ನಾನೇ. ಆ ಇಂಕ್ ಫಿಲ್ಲರಿನಲ್ಲಿ ಆಡಿನ ಹಾಲು ತುಂಬಿ ಅಕ್ಕ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದಳು. ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು. ಆ ಬೇಸಿಗೆಯ ಮೊದಲ ಬುಟ್ಟಿಯ ನಾಲ್ಕೂ ಮೂರು ದಿನದಲ್ಲಿ ಸತ್ತವು. ಎರಡನೆಯ ಬುಟ್ಟಿಯ ಮೂರು ಮರಿಗಳು ಅಷ್ಟು ದಿನವೂ ಬದುಕಲಿಲ್ಲ.

ಬೀದಿ ನಲ್ಲಿಯ ಹತ್ತಿರ ಮಾತು ಹುಟ್ಟಿತು. ಗಂಡನನ್ನು ಉಳಿಸಿಕೊಳ್ಳದವಳು ಬೆಕ್ಕಿನ ಮರಿ ಉಳಿಸುತ್ತಾಳೆಯೇ ಎಂದು. ಅದು ಪಾಂಜರಪೋಳಕ್ಕೂ ಮುಟ್ಟಿತು. ಮ್ಯಾನೇಜರ್ ತಿಪ್ಪಯ್ಯನವರು ಕೆಟ್ಟ ಮನುಷ್ಯರಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

"ವೀರಣ್ಣ, ಏಳು ಮರಿ ಹೋದವು. ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮಕ್ಕಗ ಕೈಗುಣ ಇಲ್ಲ."

"ಆಕಿ ಏನ್ ಮಾಡ್ಯಾಳ್ರೀ? ಹಾಲು ಕುಡಸ್ತಾಳ, ಒರಸ್ತಾಳ."

"ಏನೂ ಮಾಡಿಲ್ಲ. ಅದಕ್ಕ ಕೈಗುಣ ಅನ್ನೂದು. ಇನ್ನ ಮ್ಯಾಲೆ ಮರಿ ಆಕಿ ಕೈಗೆ ಕೊಡಬ್ಯಾಡ."

ಕೈಗುಣ ಎಂಬ ಮಾತನ್ನು ನಾನೂ ನಂಬಿದವನೇ. ಒಬ್ಬ ಡಾಕ್ಟರ ಕೈಯಲ್ಲಿ ನೀರೂ ಔಷಧಿಯಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಔಷಧಿಯೂ ನೀರಾಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮ್ಯಾನೇಜರರ ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನಲ್ಲಿಗೆ ಅವಳೂ ಹೋಗುತ್ತಿದ್ದಳು. ಒಂದು ಸಂಜೆ ರೊಟ್ಟಿ ತಟ್ಟುತ್ತ, ತಲೆ ಎತ್ತದೆ ಕೇಳಿದಳು.

"ಲೇ ಈರ್ಯಾ, ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೆ ಬಿಡ್ತೈತಿ?"

"ಯಾಕಕ್ಕಾ?"

"ದೇಶನೂರಿಗೆ ಹೋಗ್ತೀನಿ. ಅಲ್ಲಿ ಭತ್ತಾ ಕುಟ್ಟಿದ್ರ ಯಾರೂ ಸಾಯಂಗಿಲ್ಲ."

ಬೇಡ ಎಂದೆ. ಜಗಳವಾಡಿದೆ. ಅವಳು ಜಗಳವಾಡಲಿಲ್ಲ. ಬರುವ ಸೋಮವಾರ ಹೋಗುವುದೆಂದು ತಾನೇ ಗೊತ್ತುಮಾಡಿಕೊಂಡು, ಟ್ರಂಕಿನ ಧೂಳು ಒರೆಸಿದಳು. ಆ ಮನೆಗೆ ಇನ್ನೊಮ್ಮೆ ಹೋದರೆ ಅಕ್ಕ ಮತ್ತೆ ಗೋಡೆಗೆ ಒರಗಿದ ಹೆಂಗಸಾಗುತ್ತಾಳೆ, ಈ ಸಲ ಎದ್ದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಶನಿವಾರ ಕುರುಗೋಡಿನಿಂದ ನಮ್ಮ ಮೇವಿನ ಬಂಡಿ ಬಂತು. ಬಂಡಿಯವನು ಸೊಪ್ಪೆಯ ನಡುವಿನಿಂದ ಒಂದು ಬುಟ್ಟಿ ತೆಗೆದ. ಅಲ್ಲಿಯ ಶೇಂಗಾ ಗೋಡೌನಿನಲ್ಲಿ ತಾಯಿ ಸತ್ತಿತ್ತು. ಐದು ಮರಿ. ಹೊಕ್ಕುಳ ಬಳ್ಳಿಯ ತುಂಡು ಇನ್ನೂ ಒಣಗಿರಲಿಲ್ಲ. ಕಾವಲುಗಾರನ ಹತ್ತಿರ ಬಿಡು ಎಂದರು ತಿಪ್ಪಯ್ಯನವರು. ಹೂಂ ಎಂದು ಹೇಳಿ ಮನೆಗೇ ತಂದೆ.

"ನನ್ನ ಮುಂದ ತರಬ್ಯಾಡ ಅವನ್ನ," ಎಂದಳು ಅಕ್ಕ.

"ನೀ ಮುಟ್ಟಬ್ಯಾಡ. ನಾನ ನೋಡ್ಕೋತೀನಿ."

ಅವಳು ಮುಖ ತಿರುಗಿಸಿ ಕೂತಳು. ನಾನೇ ಹಾಲು ಕುಡಿಸಿದೆ, ನಾನೇ ಒರೆಸಿದೆ, ಬುಟ್ಟಿಯನ್ನು ಹರವಿಯ ಕೆಳಗೆ ಇಟ್ಟೆ. ಭಾನುವಾರ ಬೆಳಿಗ್ಗೆ ನೋಡಿದರೆ ಮೂರು ಮರಿ ಅಲುಗಾಡುತ್ತಿರಲಿಲ್ಲ. ಅವನ್ನು ಹಿತ್ತಲಿನ ಬಟ್ಟೆ ಒಗೆಯುವ ಬಂಡೆಯ ಮೇಲೆ ಮಲಗಿಸಿ, ಹೂಳಲು ಗುದ್ದಲಿ ತರೋಣವೆಂದು ಎದುರು ಮನೆಯ ಹುಸೇನಬಿಯ ಹತ್ತಿರ ಹೋದೆ. ನಮಗೆ ಆಡಿನ ಹಾಲು ಕೊಡುತ್ತಿದ್ದ ಮುದುಕಿ ಅವಳು. ನಾಲಿಗೆ ಚೂಪು, ಮನಸ್ಸು ಹಾಗಲ್ಲ.

"ಮತ್ತ ಹೋದವೇನ? ಈ ಸಲ ಯಾರ ಕೈಯಾಗ?"

"ನನ್ನ ಕೈಯಾಗ, ಚಾಚಿ. ಅಕ್ಕ ಮುಟ್ಟೇ ಇಲ್ಲ."

"ಹಂಗಾರ ಖಾನದಾನಿ ಐತಿ ಬಿಡು," ಎಂದು ಗುದ್ದಲಿ ಕೊಟ್ಟಳು.

ಮನೆತನದ್ದೇ ಗುಣ ಎಂದು ಅವಳು ತಮಾಷೆಗೆ ಹೇಳಿದ್ದು. ಆದರೆ ಬೀದಿ ದಾಟುವಾಗ ಆ ಮಾತು ನನ್ನನ್ನು ಹಿಡಿಯಿತು. ಅಕ್ಕನ ಕೈಯಲ್ಲೂ ಸತ್ತವು, ನನ್ನ ಕೈಯಲ್ಲೂ ಸತ್ತವು. ಹಾಗಾದರೆ ಕೈ ಬೇರೆಯಾದರೂ ಬೇರೆಯಾಗದೆ ಉಳಿದದ್ದು ಏನು? ಉತ್ತರ ಹೊಳೆಯುವ ಮೊದಲೇ ಹಿತ್ತಲಿನಿಂದ ಅಕ್ಕ ಕೂಗಿದಳು.

"ಲೇ ಈರ್ಯಾ! ಬಾರಲೇ ಲಗೂನ! ಸತ್ತಿಲ್ಲಲೇ ಇದು!"

ಸತ್ತ ಮರಿಗಳ ಮೇಲೆ ಕಾಗೆ ಎರಗಿತ್ತಂತೆ. ಓಡಿಸಲು ಬಂದಾಗ ಒಂದು ಮರಿ ಬಾಯಿ ತೆರೆದದ್ದನ್ನು ನೋಡಿದ್ದಳು. ನಾನು ಹೋಗುವಷ್ಟರಲ್ಲಿ ಅದು ಅವಳ ಅಂಗೈಯಲ್ಲಿತ್ತು. ಮುಟ್ಟುವುದಿಲ್ಲ ಎಂದದ್ದು ಅವಳಿಗೆ ಮರೆತೇ ಹೋಗಿತ್ತು. ಬಂಡೆಗೆ ಕೈ ಇಟ್ಟು ನೋಡಿದೆ. ಏಪ್ರಿಲ್ ತಿಂಗಳ ಎಂಟು ಗಂಟೆಯ ಬಿಸಿಲಿಗೆ ಅದು ಆಗಲೇ ಕಾದಿತ್ತು. ಉಳಿದ ಎರಡು ನಿಜವಾಗಿಯೂ ಸತ್ತಿದ್ದವು. ಅಕ್ಕ ಬದುಕಿದ್ದನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಒತ್ತಿಕೊಂಡು, ಒಳಗೆ ಹೋಗಿ ಬುಟ್ಟಿಯಲ್ಲಿದ್ದ ಇನ್ನೆರಡನ್ನು ಮುಟ್ಟಿದಳು. ಕೈಯನ್ನು ಚಟ್ಟನೆ ಹಿಂದೆ ತೆಗೆದಳು.

"ಹರವಿ ತಳಾ ಇದ್ದಂಗ ಅದಾವಲ್ಲೋ!"

ನನ್ನ ಚೀಲದಲ್ಲಿ ಥರ್ಮಾಮೀಟರ್ ಇತ್ತು. ಒಂದು ಮರಿಯ ಕಂಕುಳಿಗೆ ಒತ್ತಿ ಹಿಡಿದೆ. ಗೆರೆಗಳು ತೊಂಬತ್ತೈದು ಡಿಗ್ರಿಯಿಂದ ಶುರುವಾಗುತ್ತವೆ. ಪಾದರಸ ಆ ಮೊದಲ ಗೆರೆಯನ್ನೂ ಮುಟ್ಟಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ, ಊರೆಲ್ಲ ಬೇಯುತ್ತಿರುವಾಗ, ನಮ್ಮ ಮನೆಯ ಮರಿಗಳು ಚಳಿಗೆ ಸಾಯುತ್ತಿದ್ದವು. ಆ ಚಳಿಯನ್ನು ಬುಟ್ಟಿಯ ಕೆಳಗೆ ಇಡಿಸಿದವನು ನಾನು.

ಆಮೇಲೆ ಪಶುವೈದ್ಯರು ಇದನ್ನು ಬಿಡಿಸಿ ಹೇಳಿದರು. ಹಸಿ ಮರಿಗೆ ತನ್ನ ಮೈಗೆ ಬೇಕಾದ ಕಾವನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಅದು ತಾಯಿಯ ಹೊಟ್ಟೆಯಿಂದ ಬರಬೇಕು. ಮೈ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ, ಕುಡಿಸಿದ ಹಾಲು ಒಳಗೇ ಹುಳಿಯುತ್ತದೆ. ಚಳಿಗಾಲದಲ್ಲಿ ಬಂದ ಮರಿಗಳು ದೊಡ್ಡವು, ತಣ್ಣಗಾದರೆ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದವು. ಇವು ಇಟ್ಟಲ್ಲೇ ಇರುವಂಥವು.

ಆ ಭಾನುವಾರ ನಮಗೆ ಇದೇನೂ ಗೊತ್ತಿರಲಿಲ್ಲ. ಅಕ್ಕ ಮಾತ್ರ ನನ್ನನ್ನು ಕೇಳುವುದನ್ನು ಬಿಟ್ಟಳು. ಔಷಧಿಯ ಖಾಲಿ ಶೀಶೆಗೆ ಬಿಸಿನೀರು ತುಂಬಿಸಿದಳು, ಹರಿದ ಕಂಬಳಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು, ಮೂರು ಮರಿಗಳನ್ನು ಅದಕ್ಕೆ ಒರಗಿಸಿದಳು. ನಾನು ಫಿಲ್ಲರಿಗೆ ಹಾಲು ತುಂಬಲು ಹೋದರೆ ಕೈ ಹಿಡಿದಳು.

"ಈಗ ಬ್ಯಾಡ. ಮೊದಲ ಮೈ ಬೆಚ್ಚಗಾಗ್ಲಿ. ತಣ್ಣನ ಒಲಿ ಮ್ಯಾಲೆ ಎಸರು ಇಟ್ರ ಕುದಿತೈತೇನ?"

ಮಧ್ಯಾಹ್ನದ ಹೊತ್ತಿಗೆ ಮರಿಗಳು ತಾವಾಗಿಯೇ ಬಾಯಿ ಆಡಿಸಿದವು. ಆಗ ಕುಡಿಸಿದಳು. ಹಾಲು ಮೂಗಿಗೆ ಬರಲಿಲ್ಲ. ತಾಯಿ ನೆಕ್ಕುವ ಹಾಗೆ ಒದ್ದೆ ಅರಿವೆಯಿಂದ ಹೊಟ್ಟೆಯ ಕೆಳಗೆ ಒರೆಸಿದಾಗ ಮೂರೂ ಉಚ್ಚೆ ಹೊಯ್ದವು. ಅಕ್ಕ ಒದ್ದೆಯಾದ ಸೆರಗನ್ನು ನನಗೆ ತೋರಿಸಿದ ರೀತಿ, ಯಾರೋ ಜರತಾರಿ ಸೀರೆ ತೋರಿಸುವ ಹಾಗಿತ್ತು.

ಹಾಲು ಕೊಡಲು ಬಂದ ಹುಸೇನಬಿ ಕಂಬಳಿಯನ್ನು ನೋಡಿ ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ಗಂಗವ್ವಾ, ಜನ ಮೈಮ್ಯಾಲಿನ ಅಂಗಿ ತೆಗದು ಕುಂತಾರ, ನೀ ಬೆಕ್ಕಿಗೆ ಕಂಬಳಿ ಹೊಚ್ಚೀಯಲ್ಲಾ! ನಾಳಿಗೆ ಹಮಾಮನೂ ಕಟ್ಟಸ್ತಿ ಏನ?"

"ಕಟ್ಟಸ್ತೀನಿ ಚಾಚಿ. ಬಿಸಿನೀರು ಹೊತ್ತು ಹಾಕಾಕ ನೀನ ಬಾ."

ಸೋಮವಾರ ಸಿರುಗುಪ್ಪದ ಬಸ್ಸು ಹೋಯಿತು. ಅಕ್ಕ ಶೀಶೆಯ ನೀರು ಬದಲಿಸುತ್ತಿದ್ದಳು. ಬಸ್ಸಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಮಾಡಬೇಕಾದ್ದು ಇನ್ನೊಂದಿತ್ತು. ನಾಲ್ಕು ದಿನ ಮುಂದೂಡಿದೆ. ಮರಿಗಳು ಉಳಿಯುತ್ತವೆ ಎಂದು ಧೈರ್ಯ ಬಂದ ಮೇಲೆ ತಿಪ್ಪಯ್ಯನವರನ್ನು ಮನೆಗೆ ಕರೆದುಕೊಂಡು ಬಂದೆ. ಹುಸೇನಬಿಯ ಬಾಗಿಲಲ್ಲಿ ಹಾಲಿಗೆ ನಿಂತ ಹೆಂಗಸರು ಇದ್ದರು. ಅವರಿಗೂ ಕೇಳುವಂತೆ ಬೀದಿಯಲ್ಲೇ ನಿಂತು ಹೇಳಿದೆ.

"ಸಾಹೇಬ್ರ, ಆ ಏಳು ಮರಿ ಸತ್ತದ್ದು ನನ್ನಿಂದ. ಹರವಿ ಕೆಳಗ ಇಡು ಅಂದಾವ ನಾನು. ಅಕ್ಕ ನಾ ಹೇಳಿದ್ದು ಮಾಡಿದ್ಲು, ಅಷ್ಟ. ಆಕಿ ಕೈಯಾಗ ಏನೂ ತಪ್ಪಿಲ್ಲ."

ತಿಪ್ಪಯ್ಯನವರು ಒಳಗೆ ಹೋಗಿ ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಮೂರು ಮರಿಗಳು ಶೀಶೆಗೆ ಅಂಟಿಕೊಂಡು ಮಲಗಿದ್ದವು. ಒಂದರ ಬಾಯಿಗೆ ಬೆರಳು ಕೊಟ್ಟರು, ಅದು ಚೀಪಿತು. ಎದ್ದು ಅಕ್ಕನ ಕಡೆ ತಿರುಗಿ, "ತಂಗೀ, ನಾ ಒಂದು ಮಾತು ಅಂದಿದ್ದೆ. ಹಿಂದಕ್ಕ ತಗೊಂಡೀನಿ," ಎಂದರು. ಅಕ್ಕ ಒಲೆಯ ಮುಂದೆ ಕೂತಳು. ಚಹಾ ಮಾಡಿ ಕೊಟ್ಟಳು, ಅದಕ್ಕೆ ಆಡಿನ ಹಾಲನ್ನೇ ಹಾಕಿ. ಅವರು ಮುಖ ಕಿವುಚದೆ ಪೂರ್ತಿ ಕುಡಿದರು.

ಒಂಬತ್ತನೆಯ ದಿನ ಬಂಡೆಯ ಮೇಲೆ ಬದುಕಿದ ಮರಿ ಎಲ್ಲಕ್ಕಿಂತ ಮೊದಲು ಕಣ್ಣು ಬಿಟ್ಟಿತು. ಪಾಂಜರಪೋಳದ ಔಷಧಿ ಕೋಣೆಯ ಗೋಡೆಯ ಮೇಲೆ ನಾನು ಇದ್ದಿಲಿನಲ್ಲಿ 'ಮೊದಲು ಕಾವು, ಆಮೇಲೆ ಹಾಲು' ಎಂದು ಬರೆದೆ. ೧೯೫೩ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ನಾನು ಬೇರೆ ಕೆಲಸಕ್ಕೆ ಹೋಗುವವರೆಗೂ ಅದು ಅಲ್ಲೇ ಇತ್ತು. ಅಲ್ಲಿಯವರೆಗೆ ಅಕ್ಕನ ಬುಟ್ಟಿ ಖಾಲಿ ಇದ್ದ ತಿಂಗಳು ಕಡಿಮೆ. ಎಲ್ಲವೂ ಉಳಿದವು ಎಂದು ಹೇಳಲಾರೆ. ಆದರೆ ಸತ್ತಾಗ ಏಕೆ ಸತ್ತಿತೆಂದು ನೋಡುತ್ತಿದ್ದೆವು, ಯಾರ ಕೈ ಎಂದು ಕೇಳುತ್ತಿರಲಿಲ್ಲ.

ಊರಿನವರು ಮಾತ್ರ ಬದಲಾಗಲಿಲ್ಲ, ಮಾತನ್ನು ತಿರುಗಿಸಿದರು ಅಷ್ಟೆ. ಒಂದು ಮಳೆಯ ಮುಂಜಾನೆ ಹುಸೇನಬಿ ಆಗತಾನೆ ಹುಟ್ಟಿದ, ನೆಂದು ಸೆಟೆದ ಆಡಿನ ಮರಿಯನ್ನು ಎತ್ತಿಕೊಂಡು ಓಡಿ ಬಂದಳು.

"ಗಂಗವ್ವಾ, ಇದಕ್ಕೊಂದೀಟು ಕೈ ಮುಟ್ಟಸು. ನಿನ್ನ ಕೈಗುಣ ಛಲೋ ಐತಿ."

ಅಕ್ಕ ಗೊಳ್ಳನೆ ನಕ್ಕಳು. "ಆವಾಗೂ ಇದ ಕೈ, ಈಗೂ ಇದ ಕೈ ಚಾಚಿ. ಮೊದಲ ಒಲಿ ಹತ್ರ ತಗೊಂಬಾ."

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ತಿಳಿದವನೆಂದು ನಾಲ್ಕು ಜನ ನಂಬಿದಾಗ, ಕೆಟ್ಟದ್ದರ ಕಾರಣವನ್ನು ಮೊದಲು ತಾನು ಹೇಳಿಕೊಟ್ಟದ್ದರಲ್ಲಿ ಹುಡುಕಬೇಕು. ನಾನು ಹುಡುಕಿದ್ದು ಒಂಬತ್ತು ಮರಿ ಸತ್ತ ಮೇಲೆ, ಅಕ್ಕ ಟ್ರಂಕು ಒರೆಸಿಟ್ಟ ಮೇಲೆ. ಆದರೂ ಬಸ್ಸು ಬಿಡುವ ಮೊದಲೇ ಗೊತ್ತಾಯಿತಲ್ಲ ಎಂಬ ಸಮಾಧಾನ ಇಷ್ಟು ವರ್ಷ ನನ್ನ ಜೊತೆಗಿದೆ.

ಕಳೆದ ಶ್ರಾವಣದಲ್ಲಿ ಆಸ್ಪತ್ರೆಯಲ್ಲಿದ್ದಾಗ ಅಕ್ಕನ ಕಾಲು ತಣ್ಣಗಾಗುತ್ತಿತ್ತು. ಹೊರಗೆ ಸೆಕೆ, ವಾರ್ಡಿನಲ್ಲಿ ಫ್ಯಾನು ತಿರುಗುತ್ತಿತ್ತು. ನಾನು ಒಂದು ಶೀಶೆಗೆ ಬಿಸಿನೀರು ತುಂಬಿಸಿ, ಟವೆಲಿನಲ್ಲಿ ಸುತ್ತಿ ತಂದೆ. ಅವಳು ಕಣ್ಣು ತೆರೆದು, ಅದನ್ನು ಹತ್ತಿರ ತರಿಸಿಕೊಂಡು, ಹಿಂದೆ ಮರಿಗಳ ಶೀಶೆಗೆ ಮಾಡುತ್ತಿದ್ದ ಹಾಗೆ ಕೈಯ ಹಿಂಭಾಗದಿಂದ ಮುಟ್ಟಿ ನೋಡಿದಳು.

"ಸರಿ ಐತಿ," ಎಂದಳು. "ಈಗ ಕಲ್ತಿ ನೋಡು."